ಇಲ್ಲದ ಸೇನೆಗೆ ಇದ್ದ ದಂಡನಾಯಕ

1944ರ ಮೇ 27ರ ಬೆಳಿಗ್ಗೆ ಜಿಬ್ರಾಲ್ಟರ್‌ನಲ್ಲಿ ಬ್ರಿಟಿಷ್ ವಿಮಾನವೊಂದು ಇಳಿಯಿತು. ಬಾಗಿಲು ತೆರೆದು ಹೊರಬಂದವನ ತಲೆ ಮೇಲೆ ಕಪ್ಪು ಬೆರೆ ಟೋಪಿ, ಅದಕ್ಕೆ ಎರಡು ಬ್ಯಾಡ್ಜು. ಎಲ್ ಅಲಮೈನ್‌ನಲ್ಲಿ ಜರ್ಮನ್ ದಂಡನಾಯಕ ರೊಮೆಲ್‌ನನ್ನು ಸೋಲಿಸಿದ ಜನರಲ್ ಮಾಂಟ್‌ಗೊಮರಿಯ ಗುರುತೇ ಆ ಟೋಪಿ. ಸೈನಿಕರು ಸೆಲ್ಯೂಟ್ ಹೊಡೆದರು. ಗವರ್ನರ್ ರಾಲ್ಫ್ ಈಸ್ಟ್‌ವುಡ್ ಮಾಂಟ್‌ಗೊಮರಿಗೆ ಹಳೆಯ ಪರಿಚಯದವನು. ಹಳೇ ಗೆಳೆಯನನ್ನು ಬರಮಾಡಿಕೊಂಡಂತೆ ಅವನನ್ನು ಬಂಗಲೆಗೆ ಕರೆದುಕೊಂಡು ಹೋದ. ಅಲ್ಲಿ ಕೆಲವು ಸ್ಪ್ಯಾನಿಷ್ ಅತಿಥಿಗಳು "ಆಕಸ್ಮಿಕವಾಗಿ" ಎದುರಾದರು. ಸ್ಪೇನ್ ಹೆಸರಿಗೆ ತಟಸ್ಥ ದೇಶ. ಆದರೆ ಅಲ್ಲಿ ಕಂಡಿದ್ದು, ಕೇಳಿದ್ದು ಬರ್ಲಿನ್ ಮುಟ್ಟಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಬ್ರಿಟಿಷರಿಗೆ ಬೇಕಾಗಿದ್ದೂ ಅದೇ.

ಆ ಮಾಂಟ್‌ಗೊಮರಿ ಮಾಂಟ್‌ಗೊಮರಿಯಲ್ಲ. ಅವನ ಹೆಸರು ಕ್ಲಿಫ್ಟನ್ ಜೇಮ್ಸ್. ಸೈನಿಕರ ಸಂಬಳ ನೋಡಿಕೊಳ್ಳುವ ಪೇ ಕೋರ್‌ನಲ್ಲಿ ಒಬ್ಬ ಲೆಫ್ಟಿನೆಂಟ್. ಯುದ್ಧಕ್ಕೆ ಮುಂಚೆ ನಾಟಕದ ನಟ. ಆಸ್ಟ್ರೇಲಿಯದಲ್ಲಿ ಹುಟ್ಟಿದವನು. ಮುಖ ಮಾತ್ರ ಮಾಂಟ್‌ಗೊಮರಿಯ ಅಚ್ಚು. ಅವನನ್ನು ಸಾರ್ಜೆಂಟ್ ವೇಷದಲ್ಲಿ ನಿಜವಾದ ಮಾಂಟ್‌ಗೊಮರಿಯ ಸಿಬ್ಬಂದಿಯ ಜೊತೆ ಬಿಟ್ಟು ನಡಿಗೆ, ಮಾತು, ಕೈ ಬೀಸುವ ರೀತಿ ಎಲ್ಲವನ್ನೂ ಕಲಿಯಲು ಹೇಳಿದರು. ತೊಂದರೆಗಳಿದ್ದವು. ಮಾಂಟ್‌ಗೊಮರಿ ಸಿಗರೇಟು ಮುಟ್ಟುತ್ತಿರಲಿಲ್ಲ, ಹೆಂಡವನ್ನಂತೂ ಹತ್ತಿರ ಸೇರಿಸುತ್ತಿರಲಿಲ್ಲ. ಜೇಮ್ಸ್‌ಗೆ ಎರಡೂ ಬೇಕು. ಮೇಲಾಗಿ ಮೊದಲ ಮಹಾಯುದ್ಧದಲ್ಲಿ ಅವನ ಬಲಗೈಯ ಬೆರಳೊಂದು ಹೋಗಿತ್ತು. ಅದಕ್ಕೊಂದು ನಕಲಿ ಬೆರಳು ಮಾಡಿಸಿದರು. ಸೇನೆಯಲ್ಲಿ ಎಷ್ಟೊಂದು ಜನರ ಕೆಲಸ ಸೆಲ್ಯೂಟ್ ಹೊಡೆಯುವ ಕೈಯನ್ನು ನೋಡುವುದೇ ಅಲ್ವಾ, ಬಿಡಲು ಸಾಧ್ಯವೇ?

ಜಿಬ್ರಾಲ್ಟರ್‌ನಿಂದ ಅವನನ್ನು ಅಲ್ಜಿಯರ್ಸ್‌ಗೆ ಕರೆದೊಯ್ದರು. ಅಲ್ಲೂ ಒಂದಿಷ್ಟು ಮೆರೆಸಿದರು. ಉದ್ದೇಶ ಸರಳ. ಮಾಂಟ್‌ಗೊಮರಿ ಮೆಡಿಟರೇನಿಯನ್ ಕಡೆ ಓಡಾಡುತ್ತಿದ್ದಾನೆ ಅಂದರೆ ಇಂಗ್ಲಿಷ್ ಕಾಲುವೆ ದಾಟುವ ದಾಳಿ ಈಗಲೇ ಇಲ್ಲ, ಅಥವಾ ದಕ್ಷಿಣ ಫ್ರಾನ್ಸ್ ಮೇಲೂ ಏನೋ ನಡೆಯಲಿದೆ ಅಂತ ಜರ್ಮನರು ಅಂದುಕೊಳ್ಳಬೇಕು. ಆಮೇಲೆ ವೇಷ ಕಳಚಿ, ಉತ್ತರ ಫ್ರಾನ್ಸ್‌ನ ನಾರ್ಮಂಡಿ ತೀರದ ಮೇಲೆ ದಾಳಿ ಆಗುವವರೆಗೆ ಕೈರೋದಲ್ಲಿ ಯಾರ ಕಣ್ಣಿಗೂ ಬೀಳದಂತೆ ಇಟ್ಟರು.

ಈ ಕಥೆ ಎಲ್ಲರಿಗೂ ಇಷ್ಟ. ವೇಷದ ಕಥೆ ಯಾರಿಗೆ ಬೇಡ? ಆದರೆ ಯುದ್ಧದ ಲೆಕ್ಕದಲ್ಲಿ ಇದರಿಂದ ಆದ ಪ್ರಯೋಜನ ತೀರಾ ಕಡಿಮೆ. ಜೇಮ್ಸ್‌ನ ಓಡಾಟದಿಂದಾಗಿ ಜರ್ಮನರು ಸಾವಿರಾರು ಸೈನಿಕರ ಒಂದು ಡಿವಿಷನ್ ಆದರೂ ಸರಿಸಿದರು ಅನ್ನಲು ಆಧಾರವಿಲ್ಲ. ಅದೇ ತಿಂಗಳು ಇಂಗ್ಲೆಂಡಿನಲ್ಲಿ ಇನ್ನೊಬ್ಬ ಜನರಲ್ ಇದ್ದ. ಅವನು ವೇಷ ಹಾಕಿರಲಿಲ್ಲ. ಅವನು ಅವನೇ. ಮೋಸ ಗೆದ್ದಿದ್ದು ಅವನಿಂದ.

ನನಗೆ ಯುದ್ಧದ ಕಥೆಗಳಲ್ಲಿ ಗುಂಡು ಹಾರುವ ಭಾಗಕ್ಕಿಂತ ಹಾರದೇ ಇರುವ ಭಾಗ ಜಾಸ್ತಿ ಹಿಡಿಸುತ್ತದೆ. ಶತ್ರು ಎಲ್ಲಿ ನಿಂತು ಕಾಯುತ್ತಾನೆ, ಯಾಕೆ ಕಾಯುತ್ತಾನೆ, ಅವನನ್ನು ಅಲ್ಲೇ ನಿಲ್ಲಿಸಲು ಏನು ಮಾಡಿದರು, ಇದೆಲ್ಲ. ಹಾಗೆ ಓದುತ್ತಾ ಹೋದಾಗ ದಂಡನಾಯಕನ ಹೆಸರಲ್ಲಿ ಮಾಡುವ ಮೋಸಕ್ಕೆ ಎರಡು ದಾರಿಗಳು ಕಾಣಿಸಿದವು. ಒಂದು, ನಿಜವಾದ ಸೇನೆಯ ನಾಯಕನ ಬದಲು ಅವನಂತೆ ಕಾಣುವ ಇನ್ನೊಬ್ಬನನ್ನು ತೋರಿಸುವುದು. ಇನ್ನೊಂದು, ನಿಜವಾದ ನಾಯಕನನ್ನೇ ತಂದು ಇಲ್ಲದ ಸೇನೆಯ ಮುಂದೆ ನಿಲ್ಲಿಸುವುದು.

ಮೊದಲನೆಯದು ಬಹಳ ಹಳೆಯದು. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ಒಂದು ದಡದಲ್ಲಿ ಅಲೆಕ್ಸಾಂಡರ್, ಇನ್ನೊಂದು ದಡದಲ್ಲಿ ಪೋರಸ್. ಮಳೆಗಾಲ, ನದಿ ತುಂಬಿದೆ, ಆಚೆ ಆನೆಗಳು ನಿಂತಿವೆ. ಅಲೆಕ್ಸಾಂಡರ್ ರಾತ್ರಿ ರಾತ್ರಿ ಕುದುರೆ ಸವಾರರನ್ನು ದಡದುದ್ದಕ್ಕೂ ಓಡಿಸಿ ಗಲಾಟೆ ಎಬ್ಬಿಸುತ್ತಿದ್ದ. ಪ್ರತಿ ಸಲವೂ ಪೋರಸ್ ಆನೆಗಳನ್ನು ಹೊರಡಿಸುತ್ತಿದ್ದ. ದಾಟುವವರು ಯಾರೂ ಇಲ್ಲ. ಕೊನೆಗೆ ಪೋರಸ್‌ಗೆ ಸಾಕಾಯಿತು, ಹೊರಡುವುದನ್ನೇ ಬಿಟ್ಟ. ಆಗ ಅಲೆಕ್ಸಾಂಡರ್ ಸೇನೆಯ ಒಂದು ಭಾಗದ ಜೊತೆ ಮೇಲ್ಗಡೆ ಹೋಗಿ ನದಿ ದಾಟಿದ. ಇತ್ತ ಶಿಬಿರದಲ್ಲಿ ಅಟ್ಟಲಸ್ ಎಂಬವನಿಗೆ ರಾಜನ ಉಡುಪು ತೊಡಿಸಿ ನಿಲ್ಲಿಸಿದ್ದರು ಎಂದು ರೋಮನ್ ಇತಿಹಾಸಕಾರ ಕರ್ಟಿಯಸ್ ಬರೆದಿದ್ದಾನೆ. ವಯಸ್ಸು ಅದೇ, ಮೈಕಟ್ಟು ಹೆಚ್ಚುಕಮ್ಮಿ ಅದೇ. ದೂರದಿಂದ ನೋಡಿದರೆ ಸಾಕಿತ್ತು.

ನಮಗೆ ಇನ್ನೂ ಹತ್ತಿರದ್ದು 1660ರ ಪನ್ಹಾಳ. ಬಿಜಾಪುರದ ಆದಿಲ್‌ಶಾಹಿ ಸೇನೆ ಸಿದ್ದಿ ಜೌಹರನ ಕೈಕೆಳಗೆ ಕೋಟೆಯನ್ನು ಸುತ್ತುವರಿದಿತ್ತು. ಒಳಗೆ ಶಿವಾಜಿ. ಅವನು ಮಳೆಯ ರಾತ್ರಿಯಲ್ಲಿ ತಪ್ಪಿಸಿಕೊಂಡಾಗ, ಅವನಂತೆಯೇ ಕಾಣುತ್ತಿದ್ದ ಶಿವಾ ಕಾಶಿದ್ ಎಂಬ ಕ್ಷೌರಿಕ ಇನ್ನೊಂದು ಪಲ್ಲಕ್ಕಿಯಲ್ಲಿ ಕೂತು ಬೇಕೆಂದೇ ಸಿಕ್ಕಿಬಿದ್ದ ಎಂದು ಮರಾಠರ ಕಥೆ ಹೇಳುತ್ತದೆ. ಗುರುತು ಗೊತ್ತಾದ ಮೇಲೆ ಅವನನ್ನು ಕೊಂದರು. ಈ ಬಗೆಯ ಮೋಸದ ಗುಣವೇ ಅದು. ಕೆಲವು ಗಂಟೆ ಬಾಳುತ್ತದೆ. ಹತ್ತಿರ ಬಂದು ದೀಪ ಹಿಡಿದರೆ ಮುಗಿಯಿತು.

ಎರಡನೆಯ ದಾರಿಗೆ ಬರೋಣ. ಅದಕ್ಕೆ ಬೇಕಾಗಿದ್ದವನು ಜಾರ್ಜ್ ಪ್ಯಾಟನ್.

ಪ್ಯಾಟನ್‌ನ ಬಗ್ಗೆ ಎರಡು ವಿಷಯ ಗೊತ್ತಿರಬೇಕು. ಟ್ಯಾಂಕ್ ಸೇನೆಯನ್ನು ಜೋರಾಗಿ ನುಗ್ಗಿಸುವುದರಲ್ಲಿ ಅಮೆರಿಕದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಬಾಯಿ ಮತ್ತು ಕೈ ಎರಡೂ ಅವನ ಹಿಡಿತದಲ್ಲಿ ಇರಲಿಲ್ಲ. 1943ರ ಆಗಸ್ಟ್‌ನಲ್ಲಿ ಸಿಸಿಲಿಯ ಸೇನಾ ಆಸ್ಪತ್ರೆಗಳಲ್ಲಿ, ಒಂದು ವಾರದ ಅಂತರದಲ್ಲಿ, ಇಬ್ಬರು ಸೈನಿಕರ ಕಪಾಳಕ್ಕೆ ಹೊಡೆದ. ಮೈಮೇಲೆ ಗಾಯವಿಲ್ಲದೆ, ಯುದ್ಧದ ಭೀತಿಯಿಂದ ಕುಸಿದು ಆಸ್ಪತ್ರೆ ಸೇರಿದ್ದ ಹುಡುಗರು ಅವರು. ಪ್ಯಾಟನ್‌ಗೆ ಅದು ಹೇಡಿತನವಾಗಿ ಕಂಡಿತು. ಅವನ ಮೇಲಧಿಕಾರಿ ಐಸೆನ್‌ಹೋವರ್ ಕಟುವಾಗಿ ಪತ್ರ ಬರೆದ, ಕ್ಷಮೆ ಕೇಳಿಸಿದ, ಸುದ್ದಿ ಹೊರಗೆ ಹೋಗದಂತೆ ನೋಡಿಕೊಂಡ. ನವೆಂಬರ್‌ನಲ್ಲಿ ಪತ್ರಕರ್ತ ಡ್ರೂ ಪಿಯರ್‌ಸನ್ ರೇಡಿಯೋದಲ್ಲಿ ಹೇಳಿಬಿಟ್ಟ. ಅಮೆರಿಕದಲ್ಲಿ ದೊಡ್ಡ ರಂಪವಾಯಿತು.

ಪ್ಯಾಟನ್ ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂತ. ಸಿಸಿಲಿಯಲ್ಲಿ ಅವನ ಕೈಕೆಳಗಿದ್ದ ಬ್ರಾಡ್ಲಿ ಬಡ್ತಿ ಪಡೆದು ಇಂಗ್ಲೆಂಡಿಗೆ ಹೋದ. ಇತ್ತ ಪ್ಯಾಟನ್‌ನನ್ನು ಕಾರ್ಸಿಕಾ, ಮಾಲ್ಟಾ, ಕೈರೋ ಅಂತ ಸುತ್ತಾಡಿಸಿದರು. ಅವನು ಕಾರ್ಸಿಕಾದಲ್ಲಿ ಕಂಡರೆ ದಕ್ಷಿಣ ಫ್ರಾನ್ಸ್‌ಗೆ ಅಪಾಯ, ಕೈರೋದಲ್ಲಿ ಕಂಡರೆ ಬಾಲ್ಕನ್‌ಗೆ ಅಪಾಯ ಅಂತ ಜರ್ಮನರು ತಲೆ ಕೆಡಿಸಿಕೊಳ್ಳಲಿ ಎಂಬ ಲೆಕ್ಕ. ಸ್ವಲ್ಪ ಯೋಚಿಸಿ. ನಿಮ್ಮ ಮೇಲೆ ಶಿಸ್ತಿನ ಕ್ರಮ ಆಗಿದೆ. ಮನೆಗೆ ಕಳಿಸಿಲ್ಲ, ಕೆಲಸವನ್ನೂ ಕೊಟ್ಟಿಲ್ಲ. ಇರುವ ಒಂದೇ ಕೆಲಸ ಅಂದರೆ ಊರೂರು ತಿರುಗಿ ಕಾಣಿಸಿಕೊಳ್ಳುವುದು. ತನ್ನ ಬಗ್ಗೆ ಅಷ್ಟು ದೊಡ್ಡ ಅಭಿಪ್ರಾಯ ಇಟ್ಟುಕೊಂಡ ಮನುಷ್ಯನಿಗೆ ಅದು ಜೈಲಿಗಿಂತ ಕಡಿಮೆ ಆಗಿರಲಿಕ್ಕಿಲ್ಲ.

1944ರ ಜನವರಿಯಲ್ಲಿ ಅವನನ್ನು ಇಂಗ್ಲೆಂಡಿಗೆ ಕರೆಸಿಕೊಂಡರು. ಥರ್ಡ್ ಆರ್ಮಿ ಅವನಿಗೆ ಸಿಕ್ಕಿತು. ಅದು ನಿಜವಾದ ಸೇನೆ. ಆದರೆ ನಾರ್ಮಂಡಿಯ ಮೊದಲ ದಿನದ ದಾಳಿಯಲ್ಲಿ ಅದಕ್ಕೆ ಪಾತ್ರವಿರಲಿಲ್ಲ, ವಾರಗಳ ನಂತರ ಹೋಗಬೇಕಾದದ್ದು. ಈ ಬಿಡುವಿನ ಕಾಲದಲ್ಲಿ ಅವನಿಗೆ ಕಾಗದದ ಮೇಲೆ ಇನ್ನೊಂದು ಹುದ್ದೆ ಬಂತು, ಮೊದಲನೇ ಅಮೆರಿಕನ್ ಆರ್ಮಿ ಗ್ರೂಪ್‌ನ, ಅಂದರೆ ಒಂದಕ್ಕಿಂತ ಹೆಚ್ಚು ಆರ್ಮಿಗಳ ಗುಂಪಿನ, ಕಮಾಂಡರ್. ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಅದನ್ನು ಫ್ಯೂಸ್ಯಾಗ್ ಅನ್ನುತ್ತಿದ್ದರು. ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಡೋವರ್‌ನ ಎದುರಿನ ಫ್ರಾನ್ಸ್‌ನ ಕ್ಯಾಲೆ ತೀರಕ್ಕೆ ಹಾರಲು ಸಿದ್ಧವಾಗಿರುವ ಮಹಾಸೇನೆ. ಇಲ್ಲದ ಸೇನೆ.

ಇಲ್ಲಿ ಎಲ್ಲರೂ ಗಾಳಿ ತುಂಬಿದ ರಬ್ಬರ್ ಟ್ಯಾಂಕಿನ ಫೋಟೋ ಹಾಕುತ್ತಾರೆ. ನಾಲ್ಕು ಜನ ಸೈನಿಕರು ಒಂದು ಟ್ಯಾಂಕನ್ನು ಹೊತ್ತುಕೊಂಡು ಹೋಗುವ ಚಿತ್ರ. ನೋಡಲು ಮಜಾ ಇದೆ, ಆದರೆ ದಾರಿ ತಪ್ಪಿಸುತ್ತದೆ. ಹೊಲದ ಬೆರ್ಚಪ್ಪನಿಗೆ ಹಕ್ಕಿ ಹೆದರಬೇಕಾದರೆ ಹಕ್ಕಿ ಹೊಲದ ಮೇಲೆ ಹಾರಬೇಕು ತಾನೇ? 1944ರ ಹೊತ್ತಿಗೆ ಇಂಗ್ಲೆಂಡಿನ ಮೇಲೆ ಹಾರಿ ಫೋಟೋ ತೆಗೆಯುವ ಶಕ್ತಿ ಜರ್ಮನ್ ವಾಯುಪಡೆಗೆ ಹೆಚ್ಚು ಉಳಿದಿರಲಿಲ್ಲ. ಗ್ರೇಟ್ ಯಾರ್ಮತ್, ಲೋಸ್ಟಾಫ್ಟ್, ಡೋವರ್, ಫೋಕ್‌ಸ್ಟನ್ ಕಡೆ ನಕಲಿ ದೋಣಿಗಳನ್ನು ತೇಲಿಬಿಟ್ಟಿದ್ದು ನಿಜ. ಡೋವರ್‌ನಲ್ಲಿ ನಕಲಿ ಎಣ್ಣೆ ಬಂದರನ್ನೂ ಕಟ್ಟಿದರು. ಆದರೆ ಫ್ಯೂಸ್ಯಾಗ್ ಇದ್ದಿದ್ದು ಮುಖ್ಯವಾಗಿ ಎರಡು ಕಡೆ. ವೈರ್‌ಲೆಸ್ ತರಂಗದಲ್ಲಿ, ಮತ್ತು ಜರ್ಮನರು ತಮ್ಮವರೆಂದು ನಂಬಿದ್ದ ಬೇಹುಗಾರರ ವರದಿಗಳಲ್ಲಿ.

ವೈರ್‌ಲೆಸ್‌ನ ಕೆಲಸ ಬೇಸರದ ಕೆಲಸ. ಇಲ್ಲದ ಡಿವಿಷನ್ ಒಂದು ತನ್ನ ಮೇಲಿನ ಇಲ್ಲದ ಕೋರ್‌ಗೆ (ಹಲವು ಡಿವಿಷನ್‌ಗಳ ಪಡೆಗೆ) ದಿನವಿಡೀ ಸಂದೇಶ ಕಳಿಸುತ್ತಿರಬೇಕು. ಬೂಟು ಬಂದಿಲ್ಲ, ಲಾರಿ ಕೆಟ್ಟಿದೆ, ನಾಳೆ ತರಬೇತಿ ಇದೆ, ಇಂಥವು. ಗುಟ್ಟಾದ ವಿಷಯ ಬೇಕಿಲ್ಲ. ಕೇಳುವವನು ಸಂಕೇತವನ್ನು ಬಿಡಿಸದಿದ್ದರೂ ಪರವಾಗಿಲ್ಲ. ಎಲ್ಲಿಂದ, ಎಷ್ಟು, ಯಾರಿಂದ ಯಾರಿಗೆ ಅನ್ನುವ ಲೆಕ್ಕದಿಂದಲೇ ಒಂದು ಸೇನೆಯ ಆಕಾರ ಕಾಣುತ್ತದೆ. ಮುಂದಿನ ವರ್ಷ ಬರ್ಮಾದಲ್ಲಿ ಜನರಲ್ ಸ್ಲಿಮ್ ಇದೇ ಉಪಾಯವನ್ನು ಬಳಸಿದ. ಅವನ ಫೋರ್ತ್ ಕೋರ್, ಅದರಲ್ಲಿ ಭಾರತೀಯ ಸೈನಿಕರೇ ಬಹುಪಾಲು, ಗುಟ್ಟಾಗಿ ದಕ್ಷಿಣಕ್ಕೆ ಸರಿದು ಐರಾವತಿ ನದಿ ದಾಟಿ ಮೇಯ್ಕ್‌ತಿಲಾ ಕಡೆ ನುಗ್ಗಿತು. ಕೋರ್‌ನ ಹೆಸರಿನ ವೈರ್‌ಲೆಸ್ ಮಾತ್ರ ಹಿಂದೆ ತಾಮುವಿನಲ್ಲೇ ಕೂತು ಮಾತಾಡುತ್ತಿತ್ತು. ಜಪಾನಿನವರು ಮಂಡಾಲೆಯ ಕಡೆ ನೋಡುತ್ತಿದ್ದರು. ನಮ್ಮ ಸೈನಿಕರು ಅಷ್ಟು ಜನ ಇದ್ದ ಕಾರ್ಯಾಚರಣೆ. ನಾರ್ಮಂಡಿಯ ಬಗ್ಗೆ ನಾವು ಓದುವುದರಲ್ಲಿ ಕಾಲುಭಾಗವನ್ನೂ ಇದರ ಬಗ್ಗೆ ಓದುವುದಿಲ್ಲ.

ಬೇಹುಗಾರರ ಕಡೆಗೆ ಬಂದರೆ, ಜರ್ಮನಿ ಬ್ರಿಟನ್ನಿಗೆ ಕಳಿಸಿದ್ದ ಗೂಢಚಾರರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಸಿಕ್ಕಿಬಿದ್ದಿದ್ದರು. ಕೆಲವರನ್ನು ಗಲ್ಲಿಗೇರಿಸಿದರು, ಕೆಲವರನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಹೀಗೆ ಬ್ರಿಟಿಷರ ಪರ ಆಡಿದವರಲ್ಲಿ ಎಲ್ಲರಿಗಿಂತ ದೊಡ್ಡವನು ಬಾರ್ಸಿಲೋನಾದ ಹುವಾನ್ ಪುಜೋಲ್. ಬ್ರಿಟಿಷರು ಇಟ್ಟ ಹೆಸರು ಗಾರ್ಬೊ. ಇವನು ಸಿಕ್ಕಿಬಿದ್ದವನಲ್ಲ, ತಾನಾಗಿ ಬಂದವನು. ಮೊದಲು ಲಿಸ್ಬನ್‌ನಲ್ಲಿ ಕೂತು, ಇಂಗ್ಲೆಂಡಿನಲ್ಲಿದ್ದೇನೆ ಅಂತ ಜರ್ಮನರಿಗೆ ಸುಳ್ಳು ವರದಿ ಬರೆಯುತ್ತಿದ್ದ. ಪ್ರವಾಸಿ ಕೈಪಿಡಿ, ಲೈಬ್ರರಿಯ ಪುಸ್ತಕ, ಇಷ್ಟೇ ಬಂಡವಾಳ. ಗ್ಲಾಸ್ಗೋದ ಕೆಲಸಗಾರರು ಒಂದು ಲೀಟರ್ ವೈನ್‌ಗೆ ಏನು ಬೇಕಾದರೂ ಮಾಡುತ್ತಾರೆ ಅಂತ ಬರೆದಿದ್ದ. ಸ್ಕಾಟ್ಲೆಂಡಿನಲ್ಲಿ ವೈನ್! ಜರ್ಮನರು ಅದನ್ನೂ ನಂಬಿದರು. 1942ರಲ್ಲಿ ಬ್ರಿಟಿಷರು ಅವನನ್ನು ಲಂಡನ್ನಿಗೆ ಕರೆಸಿಕೊಂಡರು. ತೋಮಾಸ್ ಹ್ಯಾರಿಸ್ ಎಂಬ ಅಧಿಕಾರಿಯ ಜೊತೆ ಸೇರಿ 27 ಜನ ಉಪಬೇಹುಗಾರರನ್ನು ಹುಟ್ಟಿಸಿದ. ಒಬ್ಬರೂ ಭೂಮಿಯ ಮೇಲೆ ಇರಲಿಲ್ಲ. ಎಲ್ಲರ ಹೆಸರಲ್ಲೂ ಜರ್ಮನಿಯಿಂದ ಹಣ ಬರುತ್ತಿತ್ತು.

ಫ್ಯೂಸ್ಯಾಗ್‌ನ ಯಾವ ಡಿವಿಷನ್ ಎಲ್ಲಿದೆ ಎಂಬ ವಿವರ ಕೊಟ್ಟವರಲ್ಲಿ ಮುಖ್ಯನಾದವನು ರೋಮನ್ ಚೆರ್ನ್ಯಾವ್‌ಸ್ಕಿ ಎಂಬ ಪೋಲಿಷ್ ಅಧಿಕಾರಿ. ಗುಪ್ತನಾಮ ಬ್ರೂಟಸ್. ಯಾರೂ ಇಡೀ ಚಿತ್ರವನ್ನು ಕೊಡುತ್ತಿರಲಿಲ್ಲ. ಒಬ್ಬ ಭುಜದ ಮೇಲಿನ ಬ್ಯಾಡ್ಜಿನ ಬಗ್ಗೆ ಬರೆದ, ಇನ್ನೊಬ್ಬ ರೈಲಿನ ಬಗ್ಗೆ. ತುಣುಕುಗಳನ್ನು ಜೋಡಿಸಿ ಚಿತ್ರ ಮಾಡಿಕೊಂಡವರು ಜರ್ಮನರೇ. ತಾನೇ ಕಷ್ಟಪಟ್ಟು ಕಂಡುಹಿಡಿದದ್ದನ್ನು ಯಾರು ತಾನೇ ಅನುಮಾನಿಸುತ್ತಾರೆ?

ಹಾಗೆ ಜೋಡಿಸಿದ ಚಿತ್ರದ ನಡುವೆ ಒಂದು ಮುಖ ಬೇಕಿತ್ತು. ಪ್ಯಾಟನ್ ಬಂದಿದ್ದು ಅಲ್ಲಿಗೆ. ಅಮೆರಿಕನ್ನರು ಇಷ್ಟು ಹೆಸರಾದ ಟ್ಯಾಂಕ್ ಜನರಲ್‌ನನ್ನು ಒಂದು ಕಪಾಳಮೋಕ್ಷಕ್ಕಾಗಿ ಮೂಲೆಗೆ ತಳ್ಳುತ್ತಾರೆಯೇ? ಜರ್ಮನ್ ಸೇನೆಯ ರೀತಿಯಲ್ಲಿ ಯೋಚಿಸುವವರಿಗೆ ಇದು ನಂಬುವ ಮಾತಾಗಿರಲಿಲ್ಲ. ದೊಡ್ಡ ಸೇನೆಯನ್ನೇ ಕೊಟ್ಟಿರಬೇಕು ಅನ್ನುವುದು ಸಹಜವಾದ ಊಹೆ.

ಆ ಊಹೆಗೆ ಪ್ಯಾಟನ್ ತಾನೇ ಸಹಾಯ ಮಾಡಿದ, ಬೇಕೆಂದು ಅಲ್ಲ. ಏಪ್ರಿಲ್ 25ರಂದು ಚೆಷೈರ್‌ನ ನಟ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಸೈನಿಕರಿಗಾಗಿ ತೆರೆದ ಕ್ಲಬ್ಬೊಂದರ ಉದ್ಘಾಟನೆಯಿತ್ತು. ಊರಿನ ಹೆಂಗಸರು ಕರೆದಿದ್ದರು. ತಾನು ಅಧಿಕೃತವಾಗಿ ಇಲ್ಲಿ ಇಲ್ಲ, ಬರೆಯಬೇಡಿ ಅಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮುಂದಿನ ಜಗತ್ತನ್ನು ಆಳುವುದು ಬ್ರಿಟಿಷರು ಮತ್ತು ಅಮೆರಿಕನ್ನರ ಹಣೆಬರಹ ಎಂಬರ್ಥದಲ್ಲಿ ಮಾತಾಡಿಬಿಟ್ಟ. ರಷ್ಯನ್ನರನ್ನೂ ಸೇರಿಸಿದ್ದ, ಕೆಲವು ಪತ್ರಿಕೆಗಳಲ್ಲಿ ಅದು ಬರಲಿಲ್ಲ. ಮಿತ್ರದೇಶಕ್ಕೆ ಅವಮಾನ ಅಂತ ಮತ್ತೆ ರಂಪ. ಐಸೆನ್‌ಹೋವರ್ ಈ ಸಲ ಮನೆಗೆ ಕಳಿಸುವ ಹಂತಕ್ಕೆ ಬಂದಿದ್ದ, ಕೊನೆಗೆ ಉಳಿಸಿಕೊಂಡ. ಪ್ಯಾಟನ್ ಇಂಗ್ಲೆಂಡಿನಲ್ಲಿದ್ದಾನೆ ಎಂಬ ಸುದ್ದಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಬೇಕಿರಲಿಲ್ಲ. ಒಬ್ಬ ನಟನನ್ನು ತಂದು ನಿಲ್ಲಿಸಿದ್ದರೆ ಈ ದೃಶ್ಯ ಹುಟ್ಟುತ್ತಿರಲಿಲ್ಲ. ಇದು ನಿಜವಾದ ಪೆದ್ದುತನ, ನಿಜವಾದ ಸಿಟ್ಟು, ನಿಜವಾದ ಪತ್ರಿಕೆ. ಸೇನೆಯೊಂದು ಮಾತ್ರ ಸುಳ್ಳು.

ಇಷ್ಟೆಲ್ಲ ಮಾಡಿದ್ದು ಜರ್ಮನರ ತಲೆಗೆ ಹೊಸ ವಿಚಾರ ತುಂಬಲು ಅಲ್ಲ ಅನ್ನುವುದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಕ್ಯಾಲೆ ಮೇಲೆ ದಾಳಿ ಆಗುತ್ತದೆ ಅಂತ ಅವರು ಮೊದಲೇ ನಂಬಿದ್ದರು. ಡೋವರ್‌ನಿಂದ ಕ್ಯಾಲೆಗೆ ಸಮುದ್ರ ಬರೀ 33 ಕಿಲೋಮೀಟರ್. ಅಲ್ಲಿಂದ ಜರ್ಮನಿಗೆ ನೇರ ದಾರಿ. ನಕಾಶೆ ನೋಡಿದ ಯಾವ ಅಧಿಕಾರಿಯೂ ಅದನ್ನೇ ಹೇಳುತ್ತಿದ್ದ. ಮೋಸ ಮಾಡಿದವರು ಆ ನಂಬಿಕೆಗೆ ಊಟ ಹಾಕಿ ಸಾಕಿದರು, ಅಷ್ಟೇ. ಮತ್ತು ಸಾಕಿದ್ದು ಎಷ್ಟು ದಪ್ಪವಾಗಿದೆ ಅಂತ ನೋಡಲು ಅವರಿಗೊಂದು ಕಿಟಕಿಯೂ ಇತ್ತು. ಜರ್ಮನರ ಗುಪ್ತ ಸಂದೇಶಗಳನ್ನು ಬ್ಲೆಚ್ಲಿ ಪಾರ್ಕ್‌ನಲ್ಲಿ ಓದುತ್ತಿದ್ದರು. ಮೇ ಕೊನೆಯಲ್ಲಿ ಹಿಟ್ಲರ್ ಜಪಾನಿನ ರಾಯಭಾರಿ ಓಶಿಮಾನ ಜೊತೆ ಮಾತಾಡುತ್ತಾ, ಅಲ್ಲಲ್ಲಿ ಸಣ್ಣ ದಾಳಿಗಳಾಗಿ ಆಮೇಲೆ ಮುಖ್ಯ ದಾಳಿ ಡೋವರ್ ಜಲಸಂಧಿಯಲ್ಲೇ ಬರುತ್ತದೆ ಅಂದ. ಓಶಿಮಾ ಅದನ್ನು ಟೋಕಿಯೋಗೆ ತಂತಿಯಲ್ಲಿ ಕಳಿಸಿದ. ಅಮೆರಿಕನ್ನರು ಆ ಸಂಕೇತವನ್ನೂ ಒಡೆದಿದ್ದರು. ತಾವು ಹೇಳಿದ ಸುಳ್ಳು ಹಿಟ್ಲರ್‌ನ ಬಾಯಿಂದ ತಿರುಗಿ ಬಂದಿದ್ದನ್ನು ಅವರು ದಾಳಿಗೆ ಮುಂಚೆಯೇ ಓದಿದರು.

ಜೂನ್ 6ರಂದು ನಾರ್ಮಂಡಿಯಲ್ಲಿ ದಾಳಿ ಆಯಿತು. ಸಾಮಾನ್ಯವಾಗಿ ಮೋಸ ಅಲ್ಲಿಗೆ ಮುಗಿಯಬೇಕು. ಇಲ್ಲಿ ಮುಖ್ಯ ಭಾಗ ಶುರುವಾಗಿದ್ದೇ ಅಲ್ಲಿಂದ. ಆ ದಿನ ಬೆಳಗಿನ ಜಾವ ಮೂರು ಗಂಟೆಗೆ ದಾಳಿ ಬರುತ್ತಿದೆ ಎಂದು ಗಾರ್ಬೊನ ಕಡೆಯಿಂದ ಅವನ ವರದಿಗಳನ್ನು ಪಡೆಯುತ್ತಿದ್ದ ಮ್ಯಾಡ್ರಿಡ್‌ನ ಜರ್ಮನರಿಗೆ ಎಚ್ಚರಿಕೆ ಕಳಿಸಲು ಅನುಮತಿ ಕೊಟ್ಟಿದ್ದರು. ಅಷ್ಟು ಹೊತ್ತಿಗೆ ಹೇಳಿದರೆ ಜರ್ಮನರಿಗೆ ಏನೂ ಮಾಡಲು ಆಗುವುದಿಲ್ಲ, ಆದರೆ ಗಾರ್ಬೊ ನಿಜ ಹೇಳಿದ್ದ ಅಂತ ದಾಖಲೆ ಉಳಿಯುತ್ತದೆ. ಮ್ಯಾಡ್ರಿಡ್‌ನವರು ಕೇಳಿಸಿಕೊಳ್ಳಲು ಕೂತಿರಲೇ ಇಲ್ಲ. ಗಾರ್ಬೊ ಆಮೇಲೆ ಅವರನ್ನು ಚೆನ್ನಾಗಿ ಬೈದ. ಜೀವ ಪಣಕ್ಕಿಟ್ಟು ಕೆಲಸ ಮಾಡುವವನಿಗೆ ನೀವು ಕೊಡುವ ಬೆಲೆ ಇದೇನಾ ಅನ್ನುವ ಧಾಟಿಯಲ್ಲಿ. ಬೈಸಿಕೊಂಡವರು ಕುಗ್ಗಿಹೋದರು.

ಕುರುಕ್ಷೇತ್ರದಲ್ಲಿ ಅಶ್ವತ್ಥಾಮ ಸತ್ತ ಅಂತ ಮೊದಲು ಕೂಗಿದವನು ಭೀಮ. ದ್ರೋಣ ಅವನ ಮಾತನ್ನು ನಂಬಲಿಲ್ಲ. ಸುಳ್ಳಾಡದವನು ಅಂತ ಹೆಸರಾದ ಧರ್ಮರಾಯನ ಬಾಯಿಂದಲೇ ಅದು ಬರಬೇಕಾಯಿತು. ಜೂನ್ 6ರ ಬೆಳಗಿನ ಸಂದೇಶ ಗಾರ್ಬೊನನ್ನು ಧರ್ಮರಾಯನನ್ನಾಗಿ ಮಾಡಿತು. ಮೂರು ದಿನದ ನಂತರ, ಜೂನ್ 9ರ ನಡುರಾತ್ರಿ ದಾಟಿದ ಮೇಲೆ, ಅವನು ಉದ್ದನೆಯ ವರದಿ ಕಳಿಸಿದ. ನಾರ್ಮಂಡಿ ಒಂದು ಸೆಳೆತ ಮಾತ್ರ, ಪ್ಯಾಟನ್‌ನ ಮಹಾಸೇನೆ ಇನ್ನೂ ಇಂಗ್ಲೆಂಡಿನಲ್ಲೇ ಇದೆ, ನಿಮ್ಮ ಮೀಸಲು ಪಡೆಯನ್ನು ಅಲ್ಲಿಗೆ ಎಳೆದ ಮೇಲೆ ಕ್ಯಾಲೆಗೆ ಹೊಡೆತ ಬೀಳುತ್ತದೆ. ಈ ವರದಿ ಹಿಟ್ಲರ್‌ನ ಕೇಂದ್ರ ಕಚೇರಿಯವರೆಗೆ ಹೋಯಿತು. ಆ ಹೊತ್ತಿಗೆ ನಾರ್ಮಂಡಿಗೆ ಹೊರಡಬೇಕಿದ್ದ 1ನೇ ಎಸ್‌ಎಸ್ ಪಾಂಜರ್ (ಟ್ಯಾಂಕ್) ಡಿವಿಷನ್ ಅನ್ನು ತಡೆದರು. ಗಾರ್ಬೊ ಒಬ್ಬನ ಮಾತಿನಿಂದಲೇ ತಡೆದರು ಅಂತ ನಾನು ಹೇಳುವುದಿಲ್ಲ, ಬೇರೆ ವರದಿಗಳೂ ಅದನ್ನೇ ಹೇಳುತ್ತಿದ್ದವು. ಆದರೆ ಕ್ಯಾಲೆಯ ಜರ್ಮನ್ 15ನೇ ಸೇನೆಯ ಬಹುಭಾಗ ಜುಲೈ ಕಳೆಯುವವರೆಗೂ ಬಾರದ ದಾಳಿಗಾಗಿ ಕಾಯುತ್ತಾ ಕೂತಿತ್ತು. ಜುಲೈನಲ್ಲೇ ಜರ್ಮನಿ ಗಾರ್ಬೊಗೆ ಐರನ್ ಕ್ರಾಸ್ ಪದಕ ಘೋಷಿಸಿತು. ವರ್ಷದ ಕೊನೆಗೆ ಬ್ರಿಟನ್ ಎಂಬಿಇ ಎಂಬ ಗೌರವ ಕೊಟ್ಟಿತು.

ಈಗ ಇನ್ನೊಂದು ಸಮಸ್ಯೆ. ಪ್ಯಾಟನ್ ನಿಜವಾದ ಯುದ್ಧಕ್ಕೆ ಬೇಕು. ಜುಲೈ 6ರಂದು ಅವನು ಗುಟ್ಟಾಗಿ ಫ್ರಾನ್ಸ್‌ಗೆ ಬಂದ. ಅವನು ನಾರ್ಮಂಡಿಯಲ್ಲಿ ಇದ್ದಾನೆ ಅಂತ ಗೊತ್ತಾದರೆ ಫ್ಯೂಸ್ಯಾಗ್‌ನ ಗತಿ ಏನು? ಇದಕ್ಕೆ ಕೊಟ್ಟ ಉತ್ತರ ನನಗೆ ಇಡೀ ಕಥೆಯಲ್ಲೇ ಅತಿ ಚಂದದ್ದು. ನಾರ್ಮಂಡಿಗಾಗಿ ತನ್ನ ಡಿವಿಷನ್‌ಗಳನ್ನು ಕಿತ್ತುಕೊಳ್ಳುತ್ತಿದ್ದಾರೆ ಅಂತ ಪ್ಯಾಟನ್ ಐಸೆನ್‌ಹೋವರ್ ಜೊತೆ ಜಗಳ ಮಾಡಿದ, ಅದಕ್ಕೆ ಅವನನ್ನು ಕೆಳಗಿಳಿಸಿ ಬರೀ ಒಂದು ಆರ್ಮಿ ಕೊಟ್ಟರು ಎಂದು ಬೇಹುಗಾರರಿಂದ ಬರೆಸಿದರು. ಪ್ಯಾಟನ್‌ನ ಬಾಯಿ ಗೊತ್ತಿದ್ದ ಯಾರೂ ಇದನ್ನು ಒಂದು ಕ್ಷಣವೂ ಅನುಮಾನಿಸುವಂತಿರಲಿಲ್ಲ.

ಅವನ ಜಾಗಕ್ಕೆ ಇನ್ನೊಬ್ಬ ಬೇಕಿತ್ತು, ಅಷ್ಟೇ ತೂಕದವನು. ಅಮೆರಿಕದಿಂದ ಲೆಸ್ಲಿ ಮೆಕ್‌ನೇರ್‌ನನ್ನು ಕರೆಸಿದರು. ಅಮೆರಿಕದ ಭೂಸೇನೆಗೆ ತರಬೇತಿ ಕೊಟ್ಟು ಬೆಳೆಸಿದವನು ಇವನೇ. ಕಿವಿ ಮಂದ. ಮುಂಚೂಣಿಗೆ ಹೋಗಿ ತಾನು ತಯಾರು ಮಾಡಿದ ಹುಡುಗರು ಹೇಗೆ ಹೋರಾಡುತ್ತಾರೆ ಎಂದು ನೋಡುವ ಚಟ. ಹಿಂದಿನ ವರ್ಷ ಟ್ಯುನೀಸಿಯದಲ್ಲಿ ಹಾಗೇ ಗಾಯಗೊಂಡಿದ್ದ. ಜುಲೈ 25ರಂದು ಸೇಂಟ್ ಲೋ ಬಳಿ ಜರ್ಮನ್ ಸಾಲನ್ನು ಒಡೆಯಲು ಅಮೆರಿಕದ ಬಾಂಬರ್‌ಗಳು ಬಂದವು. ಕೆಲವು ಬಾಂಬುಗಳು ಮುಂಚೆಯೇ, ತಮ್ಮವರ ಮೇಲೆಯೇ ಬಿದ್ದವು. ಆ ಒಂದು ದಿನ 111 ಅಮೆರಿಕನ್ ಸೈನಿಕರು ಹಾಗೆ ಸತ್ತರು. ಅವರಲ್ಲಿ ಮೆಕ್‌ನೇರ್ ಒಬ್ಬ. ದೇಹವನ್ನು ಅಂಗಿಯ ಕಾಲರಿನ ನಕ್ಷತ್ರಗಳಿಂದ ಗುರುತಿಸಬೇಕಾಯಿತು.

ಇಲ್ಲದ ಸೇನೆಯ ದಂಡನಾಯಕ ಸಾಯುವಂತಿಲ್ಲ. ಅದೂ ಅವನು ಇರಬಾರದ ನಾರ್ಮಂಡಿಯಲ್ಲಿ. ಹಾಗಾಗಿ ಅಂತ್ಯಕ್ರಿಯೆ ಗುಟ್ಟಾಗಿ ನಡೆಯಿತು. ಬ್ರಾಡ್ಲಿ, ಹಾಜಸ್, ಪ್ಯಾಟನ್, ಹೀಗೆ ಕೆಲವೇ ಜನ. ಹನ್ನೆರಡು ದಿನಕ್ಕೆ ಮೆಕ್‌ನೇರ್‌ನ ಒಬ್ಬನೇ ಮಗ, ಕರ್ನಲ್ ಆಗಿದ್ದವನು, ಪೆಸಿಫಿಕ್‌ನ ಗ್ವಾಮ್ ದ್ವೀಪದಲ್ಲಿ ಜಪಾನಿ ಗುಂಡಿಗೆ ಸತ್ತ. ಫ್ಯೂಸ್ಯಾಗ್ ಮಾತ್ರ ಬದುಕಿತ್ತು. ಅದಕ್ಕೆ ಜಾನ್ ಡೆವಿಟ್ ಎಂಬ ಇನ್ನೊಬ್ಬ ಜನರಲ್ ಬಂದ. ಎರಡು ವರ್ಷದ ಹಿಂದೆ ಅಮೆರಿಕದ ಪಶ್ಚಿಮ ತೀರದಲ್ಲಿದ್ದ ಜಪಾನಿ ಮೂಲದವರನ್ನು ಮನೆಯಿಂದ ಎಬ್ಬಿಸಿ ಶಿಬಿರಗಳಿಗೆ ಕಳಿಸಿದ್ದು ಇವನ ಆಜ್ಞೆಯ ಮೇಲೆ. ಭೂತದ ಸೇನೆಗೆ ಸರಿಯಾದ ನಾಯಕ ಅನ್ನಿಸಿತು ನನಗೆ.

ಈ ಕಥೆಯನ್ನು ಹೇಳುವವರೆಲ್ಲ ಒಂದು ಮಾತು ಹೇಳುತ್ತಾರೆ, ಈ ಮೋಸದಿಂದ ಸಾವಿರಾರು ಜೀವ ಉಳಿಯಿತು ಅಂತ. ಉಳಿದಿರಬಹುದು, ನಾನು ಒಪ್ಪುತ್ತೇನೆ. ಆದರೆ ಸುಳ್ಳನ್ನು ನಿಜ ಮಾಡಲು ನಿಜವಾದ ಬಾಂಬುಗಳೂ ಬೇಕಾದವು. ದಾಳಿಗೆ ಮುಂಚೆ ನಾರ್ಮಂಡಿಯಲ್ಲಿ ಒಂದು ಗುರಿಗೆ ಬಾಂಬು ಹಾಕಿದರೆ ಅದರ ಹೊರಗೆ ಎರಡು ಗುರಿಗಳಿಗೆ ಹಾಕಬೇಕು ಎಂಬ ಲೆಕ್ಕವಿತ್ತು. ಇಲ್ಲವಾದರೆ ಬಾಂಬು ಬಿದ್ದ ಜಾಗ ನೋಡಿಯೇ ಜರ್ಮನರಿಗೆ ಗೊತ್ತಾಗುತ್ತಿತ್ತು. ಕ್ಯಾಲೆಯ ಕಡೆ ಹಾರುವ ಬಾಂಬುಗಳ ನೆಲೆಗಳಂಥ ನಿಜವಾದ ಗುರಿಗಳೂ ಇದ್ದವು, ಹಾಗಾಗಿ ಯಾವ ಬಾಂಬು ಯಾವುದಕ್ಕೆ ಅಂತ ಬಿಡಿಸಿ ಹೇಳುವುದು ಕಷ್ಟ. ಕೆಳಗಿದ್ದ ಫ್ರೆಂಚ್ ಜನರಿಗೆ ಅದರಿಂದ ಏನೂ ವ್ಯತ್ಯಾಸ ಆಗಲಿಲ್ಲ. ಆ ವಸಂತದಲ್ಲಿ ಫ್ರಾನ್ಸ್‌ನಲ್ಲಿ ಬಾಂಬಿಗೆ ಸತ್ತ ಸಾವಿರಾರು ಜನರ ಬಗ್ಗೆ ಚರ್ಚಿಲ್‌ಗೇ ಕಳವಳವಿತ್ತು. ಯುದ್ಧದಲ್ಲಿ ಸತ್ಯ ಎಷ್ಟು ಅಮೂಲ್ಯ ಅಂದರೆ ಸುಳ್ಳುಗಳ ಕಾವಲುಪಡೆ ಅದರ ಜೊತೆಗಿರಬೇಕು ಎಂಬರ್ಥದ ಮಾತು ಅವನದೇ. ರಬ್ಬರ್ ಟ್ಯಾಂಕಿನ ಫೋಟೋ ಹಾಕಿ ನಗುವಾಗ ಆ ಊರುಗಳ ಫೋಟೋವನ್ನು ಯಾರೂ ಪಕ್ಕಕ್ಕೆ ಹಾಕುವುದಿಲ್ಲ. ದಾಳಿಯೇ ಆಗದ ಜಾಗದಲ್ಲಿ, ದಾಳಿ ಆಗುತ್ತದೆ ಅಂತ ತೋರಿಸುವುದಕ್ಕಾಗಿ ಮನೆ ಕಳೆದುಕೊಂಡವರಿಗೆ ಯಾವ ಸ್ಮಾರಕದಲ್ಲಿ ಜಾಗ ಕೊಡುತ್ತೀರಿ?

ಇನ್ನೊಂದು ಅನುಮಾನವನ್ನೂ ಹೇಳಬೇಕು. ಜರ್ಮನರಿಗೆ ಪ್ಯಾಟನ್ ಅಂದರೆ ನಡುಕ ಎಂಬ ಮಾತನ್ನು ನಾವು ಸಲೀಸಾಗಿ ಹೇಳುತ್ತೇವೆ. ಜರ್ಮನ್ ಕಡತಗಳನ್ನು ಹುಡುಕಿದ ಕೆಲವು ಇತಿಹಾಸಕಾರರು, 1944ರ ಬೇಸಿಗೆಗೆ ಮುಂಚೆ ಅವನ ಬಗ್ಗೆ ಅಂಥ ಭಯವೇನೂ ಅಲ್ಲಿ ಕಾಣುವುದಿಲ್ಲ ಅನ್ನುತ್ತಾರೆ. ಹಾಗಿದ್ದರೂ ಮೋಸದ ಬೆಲೆ ಕಡಿಮೆ ಆಗುವುದಿಲ್ಲ ಅಂತ ನನ್ನ ಲೆಕ್ಕ. ಹೆದರಿಕೆ ಬೇಕಾಗಿರಲಿಲ್ಲ. ಅಷ್ಟು ದೊಡ್ಡ ಸೇನೆಗೆ ಅಷ್ಟು ದೊಡ್ಡ ಹೆಸರು ಹೊಂದುತ್ತದೆ ಅನ್ನಿಸಿದರೆ ಸಾಕಿತ್ತು. ಹೊಂದಿಸಿಕೊಳ್ಳುವ ಉತ್ಸಾಹ ಜರ್ಮನ್ ಬೇಹುಗಾರಿಕೆಯಲ್ಲಿ ಬೇಕಾದಷ್ಟಿತ್ತು. ಪಶ್ಚಿಮದ ಶತ್ರುಸೇನೆಗಳನ್ನು ಲೆಕ್ಕ ಹಾಕುತ್ತಿದ್ದ ವಿಭಾಗದ ಮುಖ್ಯಸ್ಥ ಕರ್ನಲ್ ಅಲೆಕ್ಸಿಸ್ ಫೊನ್ ರೋನ್. ಬ್ರಿಟನ್ನಿನಲ್ಲಿ 50 ಚಿಲ್ಲರೆ ಡಿವಿಷನ್‌ಗಳಿದ್ದರೆ ಅವನ ಲೆಕ್ಕ 80ರ ಹತ್ತಿರ ಹೋಗಿತ್ತು. ತನ್ನ ಅಂಕಿಗಳನ್ನು ಮೇಲಿನವರು ಅರ್ಧ ಕತ್ತರಿಸುತ್ತಾರೆಂದು ಮುಂಚೆಯೇ ಹೆಚ್ಚಿಸಿ ಬರೆಯುತ್ತಿದ್ದ ಎಂದು ಕೆಲವರು. ಹಿಟ್ಲರ್ ಮೇಲಿನ ದ್ವೇಷದಿಂದ ಬೇಕೆಂದೇ ಹೀಗೆ ಮಾಡಿದ ಎಂದು ಇನ್ನು ಕೆಲವರು. ಹಿಟ್ಲರ್‌ನ ಕೊಲೆಗೆ ಜುಲೈನಲ್ಲಿ ನಡೆದ ಸಂಚಿನವರ ಜೊತೆ ನಂಟಿತ್ತೆಂದು ಅಕ್ಟೋಬರ್‌ನಲ್ಲಿ ಅವನನ್ನು ನೇಣಿಗೆ ಹಾಕಿದರು. ಅವನ ಉತ್ತರ ಅವನ ಜೊತೆಗೇ ಹೋಯಿತು.

ಮ್ಯಾಡ್ರಿಡ್‌ನಲ್ಲಿ ಗಾರ್ಬೊನ ವರದಿಗಳನ್ನು ಬರ್ಲಿನ್ನಿಗೆ ದಾಟಿಸುತ್ತಿದ್ದ ಕಾರ್ಲ್ ಎರಿಕ್ ಕ್ಯೂಲೆಂಟಾಲ್‌ನ ವಿಷಯದಲ್ಲಿ ಇಂಥ ಅನುಮಾನಕ್ಕೆ ಎಡೆಯೇ ಇಲ್ಲ. ಯುದ್ಧ ಮುಗಿದ ಮೇಲೆ, 1945ರಲ್ಲಿ, ಬ್ರಿಟಿಷರ ಒಪ್ಪಿಗೆ ಪಡೆದು ಪುಜೋಲ್ ಸ್ಪೇನಿಗೆ ಹೋಗಿ ಅವನನ್ನು ಹುಡುಕಿ ಭೇಟಿಯಾದ. ತಾನು ಮೋಸಹೋಗಿದ್ದು ಅವನಿಗೆ ತಿಳಿದಿದೆಯೇ ಎಂದು ನೋಡುವುದೂ ಆ ಭೇಟಿಯ ಉದ್ದೇಶವಾಗಿತ್ತು. ತಿಳಿದಿರಲಿಲ್ಲ. ಅಡಗಿಕೊಂಡು ಬದುಕುತ್ತಿದ್ದ ಕ್ಯೂಲೆಂಟಾಲ್ ತನ್ನ ಅತ್ಯುತ್ತಮ ಬೇಹುಗಾರನನ್ನು ಕಂಡು ಹಿಗ್ಗಿದ, ಅವನ ಸಾಹಸವನ್ನು ಬಾಯಿತುಂಬಾ ಹೊಗಳಿದ, ತಾನು ಸ್ಪೇನ್‌ನಿಂದ ಹೇಗೆ ಪಾರಾಗಲಿ ಅಂತ ಅವನನ್ನೇ ಸಲಹೆ ಕೇಳಿದ.